ಕಾರೂ ಸರಿ, ಟ್ರೇಲರೂ ಸರಿ, ದೀಪ ಮಾತ್ರ ಹತ್ತಲ್ಲ

ಎಡಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಟ್ರೇಲರ್‌ನ ಎರಡೂ ಬದಿಯ ದೀಪ ಮಿಣಮಿಣ ಎನ್ನುತ್ತದೆ. ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್ ಆರಿಹೋಗುತ್ತದೆ. ಹಗಲು ಎಲ್ಲ ನೆಟ್ಟಗೆ, ಕತ್ತಲಾಗಿ ಹೆಡ್‌ಲೈಟ್ ಹಾಕಿದ ಕೂಡಲೇ ಅಡ್ಡಾದಿಡ್ಡಿ.

ಕಾರಿನ ಹಿಂದೆ ಕ್ಯಾರವಾನ್ (ಒಳಗೆ ಉಳಿದುಕೊಳ್ಳಬಹುದಾದ ಮನೆಯಂಥ ಟ್ರೇಲರ್) ಕಟ್ಟಿಕೊಂಡು ಸಕಲೇಶಪುರಕ್ಕೋ ಕಬಿನಿಗೋ ಹೊರಡುವವರು ಬೆಂಗಳೂರಿನಲ್ಲಿ ಇನ್ನೂ ಬೆರಳೆಣಿಕೆ. ಹಾಗಾಗಿ ಇದರಲ್ಲಿ ಕೈ ಪಳಗಿದ ಆಟೊ ಎಲೆಕ್ಟ್ರಿಷಿಯನ್ನರೂ ಕಡಿಮೆ. ಕಾರಿನ ಗ್ಯಾರೇಜಿನವರು ಟ್ರೇಲರ್‌ನತ್ತ ಬೆರಳು ತೋರಿಸುತ್ತಾರೆ, ಟ್ರೇಲರ್ ಕಟ್ಟಿಕೊಟ್ಟವರು ಕಾರಿನತ್ತ. ಮೊದಲು ಈ ಜಗಳ ಬಗೆಹರಿಸಿಕೊಳ್ಳಿ. ದೊಡ್ಡ ಸಾಮಾನೇನೂ ಬೇಡ. ಯುಪಿಎಸ್‌ಗೆ ಹಾಕುವ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ, 10 ಆಂಪಿಯರ್ ಫ್ಯೂಸ್, ಎರಡು ವೈರು ಮತ್ತು ಕ್ಲಿಪ್ ಕಟ್ಟಿದ 21 ವ್ಯಾಟ್ ಇಂಡಿಕೇಟರ್ ಬಲ್ಬು, ಒಂದು ಮಲ್ಟಿಮೀಟರ್, ಒಂದಿಷ್ಟು ಎಮರಿ ಪೇಪರ್. ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಎರಡನ್ನೂ ಸುತ್ತಿದರೆ ಎಲ್ಲ ಸಿಗುತ್ತದೆ.

ಎರಡನ್ನೂ ಬೇರೆ ಮಾಡಿ

ಟ್ರೇಲರ್ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಅದು ಸಿಕ್ಕುವ ಕಾರಿನ ಸಾಕೆಟ್ ದುಂಡನೆಯ 7 ಪಿನ್ನಿನದಾದರೆ ಒಳಗೆ, ಸ್ಕ್ರೂ ಪಕ್ಕದಲ್ಲಿ, ಅಂಕಿಗಳು ಕೆತ್ತಿರುತ್ತವೆ. ಅಂತರರಾಷ್ಟ್ರೀಯ ಕ್ರಮದಲ್ಲಿ 1 ಎಡ ಇಂಡಿಕೇಟರ್ (ಹಳದಿ), 2 ಹಿಂದಿನ ಫಾಗ್ ಲೈಟ್ (ನೀಲಿ), 3 ಅರ್ತಿಂಗ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿ (ಬಿಳಿ), 4 ಬಲ ಇಂಡಿಕೇಟರ್ (ಹಸಿರು), 5 ಬಲ ಪಾರ್ಕಿಂಗ್ ಲೈಟ್ (ಕಂದು), 6 ಬ್ರೇಕ್ ಲೈಟ್ (ಕೆಂಪು), 7 ಎಡ ಪಾರ್ಕಿಂಗ್ ಲೈಟ್ (ಕಪ್ಪು). ಅಂಕಿಯನ್ನು ನಂಬಿ, ಬಣ್ಣವನ್ನು ನಂಬಬೇಡಿ. ಕೈಗೆ ಸಿಕ್ಕ ಬಣ್ಣದ ವೈರು ಎಳೆದಿರುವ ಟ್ರೇಲರ್‌ಗಳು ಬೇಕಾದಷ್ಟಿವೆ. ಅಮೆರಿಕದ ಮಾದರಿಯ 7 ಪಿನ್ನಿನಲ್ಲಂತೂ ನೀಲಿ ವೈರು ಎಲೆಕ್ಟ್ರಿಕ್ ಬ್ರೇಕಿನದು; ಇಂಡಿಕೇಟರ್ ಮತ್ತು ಬ್ರೇಕ್ ಲೈಟ್ ಒಂದೇ ವೈರಿನಲ್ಲಿ ಬರುತ್ತವೆ. ಅಂಥ ಟ್ರೇಲರನ್ನು ನಮ್ಮ ಕಾರಿಗೆ, ಬೇರೆ ಬೇರೆ ವೈರುಗಳನ್ನು ಒಂದಾಗಿಸಿ ಕೊಡುವ ಕನ್ವರ್ಟರ್ ಇಲ್ಲದೆ ಕಟ್ಟಿದರೆ ಯಾವ ರಿಪೇರಿಯೂ ನಾಟುವುದಿಲ್ಲ.

ಈಗ ಒಂದೊಂದೇ ದೀಪದ ಸ್ವಿಚ್ ಹಾಕಲು ಒಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ. ಬಲ್ಬಿನ ಒಂದು ವೈರು ಸಾಕೆಟ್ಟಿನ 3ಕ್ಕೆ, ಇನ್ನೊಂದು ಸರದಿಯಂತೆ ಉಳಿದ ಪಿನ್ನುಗಳಿಗೆ. ಅರ್ತಿಂಗಿಗೆ ಕಾರಿನ ಬಾಡಿಯನ್ನು ಬಳಸಬೇಡಿ. ಹಾಗೆ ಮಾಡಿದರೆ 3ನೇ ಪಿನ್ನಿನಲ್ಲೇ ದೋಷವಿದ್ದರೂ ಬಲ್ಬು ಉರಿದು ನಿಮ್ಮನ್ನು ಏಮಾರಿಸುತ್ತದೆ. ಎಲ್ಲದರಲ್ಲೂ ಬಲ್ಬು ಪ್ರಖರವಾಗಿ ಉರಿದರೆ ಕಾರಿನ ಕಡೆ ಸರಿ.

ಟ್ರೇಲರ್ ಕಡೆ ನೋಡಲು ಸಣ್ಣ ಬ್ಯಾಟರಿ ತನ್ನಿ. ನೆಗೆಟಿವ್ ಪ್ಲಗ್ಗಿನ 3ಕ್ಕೆ, ಪಾಸಿಟಿವ್ ಫ್ಯೂಸ್ ದಾಟಿ ಒಂದೊಂದೇ ಪಿನ್ನಿಗೆ. ಯಾವ ದೀಪ ಹತ್ತಿತು, ಯಾವುದು ಹತ್ತಬಾರದಿತ್ತು, ಎರಡನ್ನೂ ಬರೆದುಕೊಳ್ಳಿ.

ಮೊದಲ ಅನುಮಾನ ಅರ್ತಿಂಗ್ ಮೇಲೆ

ಒಂದು ದೀಪ ಹಾಕಿದರೆ ಸಂಬಂಧವಿಲ್ಲದ ಇನ್ನೊಂದು ಮಂಕಾಗಿ ಉರಿಯುತ್ತಿದೆ ಎಂದರೆ ಬಲ್ಬು ಬದಲಿಸುತ್ತಾ ಕೂರಬೇಡಿ. ಕರೆಂಟು ವಾಪಸು ಹೋಗುವ ದಾರಿ ಕಟ್ಟಿಕೊಂಡಿದೆ. ಗೊರಗುಂಟೆಪಾಳ್ಯದಲ್ಲಿ ಮುಖ್ಯರಸ್ತೆ ಜಾಮ್ ಆದಾಗ ಸ್ಕೂಟರುಗಳು ಅಡ್ಡರಸ್ತೆಗೆ ನುಗ್ಗುವ ಹಾಗೆ, ಅದು ಪಕ್ಕದ ಬಲ್ಬಿನ ಫಿಲಮೆಂಟಿನ ಮೂಲಕ ಹೊರಗೆ ಹೋಗಲು ನೋಡುತ್ತದೆ. ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟ್ ಮಿಣುಕುವುದು ಇದಕ್ಕೇ.

ಪ್ಲಗ್ ಹಾಕಿ, ದೀಪ ಉರಿಯಲು ಬಿಟ್ಟು, ಕಾರಿನ ಬ್ಯಾಟರಿಯ ನೆಗೆಟಿವ್‌ನಿಂದ ಉದ್ದನೆಯ ದಪ್ಪ ವೈರೊಂದನ್ನು ಟ್ರೇಲರ್‌ನ ಹಿಂದಿನ ದೀಪದ ಅರ್ತಿಂಗಿಗೆ ಮುಟ್ಟಿಸಿ. ತಕ್ಷಣ ಎಲ್ಲ ಸರಿಹೋದರೆ ಕಳ್ಳ ಸಿಕ್ಕಿದ. ವೈರಿನ ತುದಿಯನ್ನು ಹಂತ ಹಂತವಾಗಿ ಕಾರಿನತ್ತ ತನ್ನಿ: ದೀಪದ ಬುಡ, ಷಾಸಿಯ (ಟ್ರೇಲರ್‌ನ ಅಡಿಯ ಚೌಕಟ್ಟಿನ) ಬೋಲ್ಟು, ಪ್ಲಗ್, ಸಾಕೆಟ್. ಎಲ್ಲಿ ಮುಟ್ಟಿಸಿದಾಗ ಪ್ರಯೋಜನವಾಗುವುದಿಲ್ಲವೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವೆ ದೋಷವಿದೆ.

ಕೆಲವು ಟ್ರೇಲರ್‌ಗಳಲ್ಲಿ ಅರ್ತಿಂಗ್ ವೈರು ಎಂದೋ ತುಂಡಾಗಿರುತ್ತದೆ, ಕರೆಂಟು ಹಿಚ್ಚಿನ (ಕಾರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ) ಬಾಲ್ ಮೂಲಕ ಹೇಗೋ ದಾಟುತ್ತಿರುತ್ತದೆ. ಗ್ರೀಸ್ ಮೆತ್ತಿದ, ಸದಾ ಅಲುಗಾಡುವ ಆ ಉಕ್ಕಿನ ಗುಂಡನ್ನು ನೆಚ್ಚಿಕೊಂಡರೆ ಹಂಪ್ ಬಂದಾಗಲೆಲ್ಲ ದೀಪ ಕಣ್ಣು ಮುಚ್ಚುತ್ತದೆ. ಹಿಚ್ ಬಿಡಿಸಿ, ಪ್ಲಗ್ ಮಾತ್ರ ಉಳಿಸಿ ನೋಡಿ. ದೀಪ ಆರಿದರೆ ಗೊತ್ತಾಯಿತಲ್ಲ.

ರಿಪೇರಿ ಸುಲಭ, ಬೇಜಾರಿನ ಕೆಲಸ. ಬೋಲ್ಟು ಬಿಚ್ಚಿ, ಬಣ್ಣ ಮತ್ತು ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ. ವೈರಿನ ತುದಿ ಕಿಲುಬು ಹಿಡಿದಿದ್ದರೆ ಕತ್ತರಿಸಿ ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಒತ್ತಿ ಕೂರಿಸಿ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ವೈರು ತಿರುಚಿ ಟೇಪ್ ಸುತ್ತುವುದು ಒಂದು ಮಳೆಗಾಲಕ್ಕೂ ಬರುವುದಿಲ್ಲ.

ಮೀಟರ್ ಹೇಳುವ ಅರ್ಧ ಸತ್ಯ

ನೂರು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ವೈರಿನ ತುದಿಯಲ್ಲೂ ಮಲ್ಟಿಮೀಟರ್ 12.6 ವೋಲ್ಟ್ ತೋರಿಸುತ್ತದೆ. ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಅಲ್ಪ. 21 ವ್ಯಾಟ್ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುವುದರಿಂದ ಅದರ ಮುಂದೆ ಆ ನಾಟಕ ನಡೆಯುವುದಿಲ್ಲ. ಮೀಟರ್ ಬಳಸುವುದಾದರೆ ದೀಪ ಉರಿಯುತ್ತಿರುವಾಗಲೇ ಅಳೆಯಿರಿ. ಒಂದು ಕಡ್ಡಿ ಕಾರಿನ ಬ್ಯಾಟರಿ ನೆಗೆಟಿವ್‌ಗೆ (ವೈರು ಉದ್ದ ಮಾಡಿಕೊಳ್ಳಬೇಕು), ಇನ್ನೊಂದು ದೀಪದ ಅರ್ತಿಂಗಿಗೆ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ನಡುವೆ ಎಲ್ಲೋ ಕರೆಂಟು ತಡೆದು ನಿಲ್ಲುತ್ತಿದೆ. ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ.

ಫ್ರಿಜ್ ತಣ್ಣಗಾಗುತ್ತಿಲ್ಲ, ಕ್ಯಾರವಾನ್ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎನ್ನುವವರ ಗೋಳಿಗೂ ಬಹುತೇಕ ಇದೇ ಕಾರಣ. 120 ವ್ಯಾಟಿನ ಫ್ರಿಜ್ 10 ಆಂಪಿಯರ್ ಎಳೆಯುತ್ತದೆ. ಕಾರಿನ ಬಾನೆಟ್ಟಿನಿಂದ ಫ್ರಿಜ್‌ವರೆಗೆ 7 ಮೀಟರ್ ಎಂದರೆ ಹೋಗಿ ಬರಲು 14 ಮೀಟರ್. 1.5 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಸುಮಾರು 1.7 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 6 ಸ್ಕ್ವೇರ್ ಎಂಎಂ ಹಾಕಿದರೆ ಅರ್ಧ ವೋಲ್ಟಿಗಿಂತ ಕಡಿಮೆ. ಈಚಿನ ಅನೇಕ ಕಾರುಗಳ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ) ಇಂಧನ ಉಳಿಸಲು ತಾನಾಗಿ ವೋಲ್ಟೇಜ್ ತಗ್ಗಿಸುತ್ತದೆ. ಅಂಥ ಕಾರಿಗೆ ದಪ್ಪ ವೈರೊಂದೇ ಸಾಲದು, ತಗ್ಗಿದ ವೋಲ್ಟೇಜನ್ನು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು.

ಫ್ಯೂಸ್ ಹಾಕಿದ ಹಾಗೆಲ್ಲ ಹೋಗುತ್ತಿದ್ದರೆ

ದೊಡ್ಡ ಫ್ಯೂಸ್ ಹಾಕುವುದು ಬೆಂಕಿಗೆ ಆಹ್ವಾನ. ಫ್ಯೂಸ್ ಜಾಗದಲ್ಲಿ ಅದೇ 21 ವ್ಯಾಟ್ ಬಲ್ಬನ್ನು ಸಿಕ್ಕಿಸಿ, ಆ ಸರ್ಕೀಟಿನ ದೀಪಗಳನ್ನು ಕಳಚಿ, ಸ್ವಿಚ್ ಹಾಕಿ. ಶಾರ್ಟ್ ಇರುವವರೆಗೂ ಬಲ್ಬು ಪೂರ್ತಿ ಉರಿಯುತ್ತದೆ. ಈಗ ಕೇಬಲನ್ನು ಜಾಗ ಜಾಗದಲ್ಲಿ ಅಲ್ಲಾಡಿಸುತ್ತಾ ಬನ್ನಿ. ಬಲ್ಬು ಆರಿದ ಜಾಗವೇ ದೋಷದ ಜಾಗ. ಹಿಚ್ ಹತ್ತಿರ ಕೇಬಲ್ ಜೋತುಬಿದ್ದು ರಸ್ತೆಗೆ ಉಜ್ಜಿದ ಕಡೆ, ಷಾಸಿಯ ತೂತಿನ ಅಂಚು, ಚಕ್ರದ ಮೇಲ್ಭಾಗ ಇವನ್ನು ಮೊದಲು ನೋಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಟ್ರೇಲರ್ ಆದರೆ ಇಲಿ ಕಡಿದ ಗುರುತನ್ನೂ ಹುಡುಕಿ.

ಎಲ್‌ಇಡಿ ದೀಪದ ಟ್ರೇಲರ್ ಕಟ್ಟಿದಾಗ ಕಾರು ‘ಬಲ್ಬು ಹೋಗಿದೆ’ ಎಂದು ಎಚ್ಚರಿಸಿದರೆ ಗಾಬರಿ ಬೇಡ. ಎಲ್‌ಇಡಿ ಎಳೆಯುವ ಕರೆಂಟು ಕಡಿಮೆ, ಕಾರಿಗೆ ಅದು ಬಲ್ಬೆಂದೇ ತೋಚುವುದಿಲ್ಲ. ಹೊಸ ಕಾರಿನ ದೀಪದ ವೈರನ್ನು ಸೀಳಿ ಟ್ರೇಲರ್‌ಗೆ ಕೊಡುವುದಂತೂ ಬೇಡವೇ ಬೇಡ. ಬ್ಯಾಟರಿಯಿಂದ ನೇರ ಕರೆಂಟು ಪಡೆಯುವ ಟ್ರೇಲರ್ ಮಾಡ್ಯೂಲ್ ಹಾಕಿಸಿ. ಎಳೆಯುವ ವಾಹನ ಲಾರಿಯಂಥ 24 ವೋಲ್ಟಿನದಾಗಿದ್ದರೆ 12 ವೋಲ್ಟ್ ಟ್ರೇಲರನ್ನು ಅದಕ್ಕೆ ನೇರ ಸಿಕ್ಕಿಸಲೇಬಾರದು.

ಎಲ್ಲ ಮುಗಿದ ಮೇಲೆ ದೀಪಗಳನ್ನು ಒಂದೊಂದಾಗಿ ನೋಡಿ ಬಿಟ್ಟುಬಿಡಬೇಡಿ. ಹೆಡ್‌ಲೈಟ್, ಬ್ರೇಕ್, ಹಜಾರ್ಡ್ ಮೂರನ್ನೂ ಒಟ್ಟಿಗೆ ಹಾಕಿಸಿ, ಹಿಂದೆ ನಿಂತು, ಕೇಬಲ್ ಅಲ್ಲಾಡಿಸುತ್ತಾ ನೋಡಿ. ಒಂದು ದೀಪದ ಭಾರ ಹೊತ್ತ ಸಡಿಲ ಅರ್ತಿಂಗ್ ಮೂರರ ಭಾರಕ್ಕೆ ಸೋಲುತ್ತದೆ. ಆಮೇಲೆ ಖಾಲಿ ಮೈದಾನದಲ್ಲಿ ಎರಡೂ ಕಡೆಗೆ ಪೂರ್ತಿ ಯು-ಟರ್ನ್ ಹೊಡೆದು ಕೇಬಲ್ ಜಗ್ಗುವುದಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಳ್ಳಿ. ಟ್ರೇಲರ್ ನಿಲ್ಲಿಸಿಟ್ಟಾಗ ಪ್ಲಗ್ಗಿನ ಬಾಯಿ ಕೆಳಗಿರಲಿ, ಇಲ್ಲದಿದ್ದರೆ ಮಳೆನೀರು ನೇರ ಪಿನ್ನಿಗಿಳಿಯುತ್ತದೆ.