ಅಮೆರಿಕದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದೀರಾ? ಎಕೆಡಿ ಸೇರುವುದು ಹೀಗೆ

ಆಲ್ಫಾ ಕಪ್ಪಾ ಡೆಲ್ಟಾ (ಎಕೆಡಿ) ಎಂದೊಡನೆ ಹಾಸ್ಟೆಲ್ ಹುಡುಗರ ಮೋಜಿನ ಕೂಟ ಅನ್ನಿಸಬಹುದು. ಗ್ರೀಕ್ ಅಕ್ಷರದ ಅಂಥ ಕೂಟಗಳೂ ಅಲ್ಲಿ ಬೇಕಾದಷ್ಟಿವೆ. ಇದು ಮಾತ್ರ ಸಮಾಜಶಾಸ್ತ್ರದಲ್ಲಿ ಚೆನ್ನಾಗಿ ಓದುವವರಿಗಿರುವ ಗೌರವ ಸಂಘ. 1920ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಕಟ್ಟಿದವರು ಸಮಾಜಶಾಸ್ತ್ರಜ್ಞ ಎಮರಿ ಬೊಗಾರ್ಡಸ್. ಹೌದು, ಸಂಶೋಧನಾ ವಿಧಾನದ ಪಾಠದಲ್ಲಿ ನಾವು ಉರು ಹೊಡೆಯುವ, ಬೇರೆ ಗುಂಪಿನವರನ್ನು ಜನ ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತಾರೆಂದು ಅಳೆಯುವ ‘ಸಾಮಾಜಿಕ ಅಂತರದ ಮಾಪಕ’ದ ಬೊಗಾರ್ಡಸ್ಸೇ!

ಮೊದಲು ನಿಮ್ಮ ಕಾಲೇಜಿನಲ್ಲಿ ಎಕೆಡಿ ಚಾಪ್ಟರ್, ಅಂದರೆ ಸಂಘದ ಸ್ಥಳೀಯ ಶಾಖೆ, ಇದೆಯೇ ಎಂದು ವಿಭಾಗದ ಕಚೇರಿಯಲ್ಲಿ ಕೇಳಿ. ಸದಸ್ಯತ್ವ ಸಿಗುವುದು ಚಾಪ್ಟರ್ ಮೂಲಕವೇ. ಅದನ್ನು ನೋಡಿಕೊಳ್ಳುವ ಅಧ್ಯಾಪಕರೊಬ್ಬರು ಇರುತ್ತಾರೆ. ಅವರನ್ನು ಕಂಡು ಮಾತಾಡಿದರೆ ಅರ್ಧ ಕೆಲಸ ಆದಂತೆ.

ಆಮೇಲೆ ಅಂಕಪಟ್ಟಿ ತೆಗೆಯಿರಿ. ಪದವಿ ವಿದ್ಯಾರ್ಥಿಯಾದರೆ ಮೂರನೇ ವರ್ಷಕ್ಕೆ ಬಂದಿರಬೇಕು, ಸಮಾಜಶಾಸ್ತ್ರದ ಕನಿಷ್ಠ 4 ಕೋರ್ಸ್ ಮುಗಿಸಿರಬೇಕು, ಅವುಗಳಲ್ಲಿ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 3.0ಕ್ಕಿಂತ ಕೆಳಗೆ ಇಳಿಯಬಾರದು. ಒಟ್ಟು ಓದಿನಲ್ಲಿ ತರಗತಿಯ ಮೇಲಿನ ಶೇ 35ರೊಳಗೆ ಇರಬೇಕೆಂಬುದು ರೂಢಿಯ ನಿಯಮ. ಕೆಲವು ಚಾಪ್ಟರ್‌ಗಳು ಇದಕ್ಕಿಂತ ಬಿಗಿ. ಎಂಎ, ಪಿಎಚ್‌ಡಿಯವರಿಗೆ ಬೇರೆ ಲೆಕ್ಕ. ಅರ್ಜಿ, ಶುಲ್ಕ, ಪ್ರಮಾಣಪತ್ರ, ಪುಟ್ಟದೊಂದು ಸಮಾರಂಭ, ಉಳಿದದ್ದು ಇಷ್ಟೇ.

ಒಂದು ಎಚ್ಚರಿಕೆ. ‘ನೀವು ಆಯ್ಕೆಯಾಗಿದ್ದೀರಿ, ಹಣ ಕಟ್ಟಿ’ ಎಂದು ಯಾವುದೋ ಗೌರವ ಸಂಘದಿಂದ ಇಮೇಲ್ ಬಂದರೆ ಹಿಗ್ಗಬೇಡಿ. ನಿಮ್ಮ ವಿಭಾಗದವರಿಗೇ ಹೆಸರು ಗೊತ್ತಿಲ್ಲದ ಸಂಘ ನಿಮ್ಮ ಓದನ್ನು ಅಳೆದದ್ದಾದರೂ ಹೇಗೆ? ಅಮೆರಿಕದಲ್ಲಿ ಇಂಥ ಸಂಘಗಳನ್ನು ಒರೆಗೆ ಹಚ್ಚುವ ಒಕ್ಕೂಟವೇ ಇದೆ, 1925ರಿಂದ: ಅಸೋಸಿಯೇಷನ್ ಆಫ್ ಕಾಲೇಜ್ ಆನರ್ ಸೊಸೈಟೀಸ್. ಅದರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿದ ಮೇಲೆ ಕಾರ್ಡ್ ಹೊರತೆಗೆಯಿರಿ.

ಸೇರಿದ್ದು ರೆಸ್ಯುಮೆಯ ಒಂದು ಸಾಲಿಗಷ್ಟೇ ಆದರೆ ಶುಲ್ಕ ದಂಡ ಎಂದೇ ನನ್ನ ಅನಿಸಿಕೆ. ಪದವಿ ಪ್ರದಾನದ ದಿನ ಕೊರಳಿಗೆ ಹಾಕುವ ಹಸಿರು-ನೀಲಿ ದಾರ ಫೋಟೊಗೆ ಚೆಂದ, ಸರಿ. ಅಸಲು ಲಾಭ ಇರುವುದು ಎಕೆಡಿ ನಡೆಸುವ ವಿದ್ಯಾರ್ಥಿ ಸಂಶೋಧನಾ ಪ್ರಬಂಧ ಸ್ಪರ್ಧೆಯಲ್ಲಿ. ಸೆಮಿಸ್ಟರ್‌ಗೆಂದು ಬರೆದ ಒಳ್ಳೆಯ ಪ್ರಬಂಧ ಲ್ಯಾಪ್‌ಟಾಪಿನಲ್ಲಿ ದೂಳು ಹಿಡಿಯುತ್ತಿದೆಯೇ? ಚಾಪ್ಟರ್‌ನ ಅಧ್ಯಾಪಕರಿಗೆ ತೋರಿಸಿ, ಈ ವರ್ಷದ ಕೊನೆಯ ದಿನಾಂಕ ಯಾವುದೆಂದು ಇವತ್ತೇ ಕೇಳಿ.