ಯಜಮಾನರು ಇಲ್ಲೇ ಇದ್ದಾರೆ

ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹರಾಜಾದ ಬಾಕ್ಸು ಎಣಿಸಬೇಕು, ರೈತರಿಗೆ ಪಟ್ಟಿ ಬರೆದು ಕೊಡಬೇಕು, ದುಡ್ಡು ಕೇಳಿ ಬರುವ ಫೋನ್ ಎತ್ತಬೇಕು. ಆ ಫೋನಿನಲ್ಲಿ ಎಷ್ಟೋ ವರ್ಷ ನಾನು ಆಡಿದ್ದು ಒಂದೇ ಮಾತು. "ಯಜಮಾನ್ರು ಇಲ್ಲ ಅಣ್ಣ, ಆಚೆ ಹೋಗಿದ್ದಾರೆ." ಯಜಮಾನರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದರು.

ಅದು ಸುಳ್ಳು ಅಂತ ನನಗೆ ಅನಿಸುತ್ತಲೇ ಇರಲಿಲ್ಲ. ಮಂಡಿಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ, ಅಲ್ವಾ? ಭಾನುವಾರ ಮೆಥಡಿಸ್ಟ್ ಚರ್ಚ್‌ಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ, ಕಾಣಿಕೆ ಹಾಕುತ್ತಿದ್ದೆ. ಸೋಮವಾರ ಬೆಳಿಗ್ಗೆ ಮತ್ತೆ ಅದೇ ಫೋನು, ಅದೇ ಮಾತು.

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲ ಬೂದಿ ಬುಧವಾರ ಶುರುವಾಗುತ್ತದೆ. 2023ರಲ್ಲಿ ಅದು ಫೆಬ್ರವರಿ 22ಕ್ಕೆ ಬಂತು. ನಮ್ಮಲ್ಲಿ ಆ ನಲವತ್ತು ದಿನ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಟೀ ಬಿಡುತ್ತಾರೆ. ಆ ವಾರ ನಾನು ಮನೆಯಲ್ಲಿ ಬೈಬಲ್‌ನ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ ಓದುತ್ತಿದ್ದೆ. ಹೌದಾದರೆ ಹೌದು ಅನ್ನಿ, ಅಲ್ಲವಾದರೆ ಅಲ್ಲ ಅನ್ನಿ ಎಂದು ಯೇಸು ಹೇಳುವ ಮಾತು ಅಲ್ಲಿದೆ. ಚಿಕ್ಕಂದಿನಿಂದ ಬಾಯಿಪಾಠ ಬರುವ ಮಾತು. ಆವತ್ತು ಓದುವಾಗ ಮಂಡಿಯ ಫೋನ್ ನೆನಪಾಯಿತು.

ಅಮ್ಮನೂ ನೆನಪಾದರು. ಅವರು ಇಟಿಸಿಎಂ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಸೂಜಿಗೆ ಹೆದರಿ ಅಳುವ ಮಕ್ಕಳಿಗೆ ಬೇರೆಯವರು "ನೋವೇ ಆಗಲ್ಲ" ಅನ್ನುತ್ತಿದ್ದರು. ಅಮ್ಮ ಮಾತ್ರ "ನೋವಾಗುತ್ತೆ ಕಂದಾ, ಹತ್ತು ಎಣಿಸೋದ್ರೊಳಗೆ ಹೋಗುತ್ತೆ" ಅಂತ ಹೇಳಿ ಕೈ ಹಿಡಿದುಕೊಳ್ಳುತ್ತಿದ್ದರು.

ಮೊದಲು ಯಜಮಾನರ ಹತ್ತಿರ ಮಾತಾಡಿದೆ. ಹೇಳದೆ ಶುರು ಮಾಡಿದ್ದರೆ ಅದು ಅವರಿಗೆ ಮಾಡುವ ಮೋಸ ಆಗುತ್ತಿತ್ತು. "ಇನ್ಮೇಲೆ ನೀವು ಇಲ್ಲ ಅಂತ ಹೇಳೋಕೆ ನನ್ ಕೈಲಿ ಆಗಲ್ಲ ಯಜಮಾನ್ರೇ. ಏನು ಹೇಳಬೇಕು ಅಂತ ನೀವೇ ಹೇಳಿ, ಆದ್ರೆ ನಿಜ ಇರಲಿ" ಅಂದೆ. ಅವರಿಗೆ ಇಷ್ಟ ಆಗಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಆಮೇಲೆ ಬಾಯಿಗೆ ಬೇರೆ ಮಾತು ಕಲಿಸಬೇಕಾಯಿತು. "ಇದ್ದಾರೆ ಅಣ್ಣ, ಈಗ ಮಾತಾಡೋಕಾಗಲ್ಲ ಅಂತಿದ್ದಾರೆ. ನಿಮ್ಮ ದುಡ್ಡು ಇನ್ನೂ ಬಂದಿಲ್ಲ. ಗುರುವಾರ ನಾನೇ ಫೋನ್ ಮಾಡ್ತೀನಿ." ಇದನ್ನು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿದೆ. ಆದರೂ ಮೊದಲನೇ ದಿನವೇ ಎರಡು ಸಲ ಹಳೇ ಮಾತೇ ಬಂತು. ಅದು ಯೋಚಿಸಿ ಬರುವ ಮಾತಲ್ಲ, ನಾಲಿಗೆ ಮೇಲೇ ಕೂತಿರುತ್ತದೆ. ಆಗ ನಾನು ಮಾಡಿದ್ದು ಇಷ್ಟೇ. ತಕ್ಷಣ ತಿರುಗಿ ಫೋನ್ ಮಾಡಿದೆ. "ಅಣ್ಣ, ಈಗ ಹೇಳಿದ್ದು ಸುಳ್ಳು. ಯಜಮಾನ್ರು ಇಲ್ಲೇ ಇದ್ದಾರೆ." ಪ್ರತಿ ಬೆಳಿಗ್ಗೆ ಪ್ರಾರ್ಥನೆ ಮಾಡಿಯೇ ಹೋಗುತ್ತಿದ್ದೆ. ಆ ಪ್ರಾರ್ಥನೆಗೆ ಉತ್ತರ ಬಂದಿದ್ದು ಹೀಗೆ ತಿರುಗಿ ಮಾಡಿದ ಫೋನುಗಳಲ್ಲಿ ಅಂತ ನಂಬುತ್ತೇನೆ. ಏಪ್ರಿಲ್ 9ಕ್ಕೆ ಈಸ್ಟರ್ ಬರುವಷ್ಟರಲ್ಲಿ ಹಳೇ ಮಾತು ಹೆಚ್ಚುಕಡಿಮೆ ಹೋಗಿತ್ತು.

ಮನೆಯಲ್ಲಿ ಮಾತ್ರ ಕಷ್ಟ ಆಯಿತು. ಮಂಡಿಯಲ್ಲಿ ತಡೆದುಕೊಂಡಿದ್ದ ಸಿಟ್ಟನ್ನೆಲ್ಲ ಹೆಂಡತಿ ಮೇಲೆ ಹಾಕುತ್ತಿದ್ದೆ. ಒಂದೇ ಬಾಯಿಂದ ಸ್ತುತಿಯೂ ಶಾಪವೂ ಬರುತ್ತದೆ ಎಂದು ಬೈಬಲ್‌ನಲ್ಲಿ ಯಾಕೋಬನು ಬರೆದ ಪತ್ರದಲ್ಲಿದೆ. ಅದು ನನ್ನ ಮನೆಯ ಮಾತೇ. ಈಗಲೂ ಅದರ ಜೊತೆ ಹೋರಾಡುತ್ತಿದ್ದೇನೆ.

ಆ ವರ್ಷ ಜುಲೈನಲ್ಲಿ ಟೊಮೆಟೊ ರೇಟು ಏರಿದ್ದು ಎಲ್ಲರಿಗೂ ನೆನಪಿರುತ್ತದೆ. ನಮ್ಮ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಆ ಗಲಾಟೆಯಲ್ಲಿ ಮುಳಬಾಗಿಲು ಕಡೆಯ ಒಬ್ಬ ರೈತರಿಗೆ 43 ಬಾಕ್ಸಿನ ಜಾಗದಲ್ಲಿ 40 ಅಂತ ಪಟ್ಟಿ ಬರೆದಿದ್ದೆ. ಮೂರು ದಿನ ಆದಮೇಲೆ ಲೋಡಿಂಗ್ ಚೀಟಿ ನೋಡುವಾಗ ಗೊತ್ತಾಯಿತು. 2,100ರ ಲೆಕ್ಕದಲ್ಲಿ 6,300 ರೂಪಾಯಿ.

ಯಜಮಾನರಿಗೆ ತೋರಿಸಿದೆ. "ಅವರೇ ಕೇಳಿಲ್ಲ, ಬಿಡು" ಅಂದರು. "ಬರೆದವನು ನಾನು ಯಜಮಾನ್ರೇ, ನನ್ ಕೈಲಿ ಬಿಡೋಕಾಗಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಗಲ್ಲಾಪೆಟ್ಟಿಗೆ ತೆಗೆದು ದುಡ್ಡು ಎಣಿಸಿ ಕೊಟ್ಟರು.

ಫೋನ್ ಮಾಡಿ ದುಡ್ಡು ಕಳಿಸಿದ್ದರೂ ಆಗುತ್ತಿತ್ತು. ಆದರೆ ಮುಂದಿನ ಭಾನುವಾರ ಆಗಸ್ಟ್ ತಿಂಗಳ ಮೊದಲ ಭಾನುವಾರ, ನಮ್ಮ ಚರ್ಚ್‌ನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ನಿನ್ನ ಮೇಲೆ ಯಾರಿಗಾದರೂ ದೂರು ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗು ಅನ್ನುವುದೂ ಅದೇ ಐದನೇ ಅಧ್ಯಾಯದಲ್ಲಿದೆ. ಬೆಳಿಗ್ಗೆ ಆರಕ್ಕೆ ಬೈಕ್ ಹತ್ತಿದೆ.

ಆ ರೈತರು ಹಿತ್ತಲಲ್ಲಿ ಹಸು ಕಟ್ಟುತ್ತಿದ್ದರು. ತಪ್ಪು ಹೇಳಿ, ಕ್ಷಮೆ ಕೇಳಿ, ದುಡ್ಡು ಕೊಟ್ಟೆ. ಎಣಿಸಿದರು. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಮುಖ ನೋಡಿ ಕೇಳಿದರು, "ಹಂಗಾದ್ರೆ ಹಿಂದಿನ ಪಟ್ಟಿಗಳಲ್ಲೂ ಹಿಂಗೇ ಹೋಗಿದ್ಯಾ?"

ಇಲ್ಲ ಅನ್ನಲು ಬಾಯಿ ತೆರೆದೆ. ಆದರೆ ಇಲ್ಲ ಅಂತ ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಅಣ್ಣ, ನೋಡೋಣ" ಅಂದೆ.

ಗೋಡೆಯ ಮೊಳೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕವರ್ ತಂದು ಜಗುಲಿ ಮೇಲೆ ಸುರಿದರು. ಆ ಸೀಸನ್ನಿನ ಹಿಂದಿನ ಹನ್ನೊಂದು ಪಟ್ಟಿ, ಎಲ್ಲ ನನ್ನದೇ ಕೈಬರಹ. ತೋಟದಿಂದ ಎಷ್ಟು ಬಾಕ್ಸು ಹೋಯಿತು ಅಂತ ಅವರ ಮಗಳು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಳು. ಅವಳು ನೋಟ್‌ಬುಕ್ ನೋಡಿ ಓದುವುದು, ನಾನು ಪಟ್ಟಿ ನೋಡಿ ಓದುವುದು. "ಮೂವತ್ತಾರು." "ಮೂವತ್ತಾರು." "ಐವತ್ತೆರಡು." "ಐವತ್ತೆರಡು." ಅವಳ ಅಪ್ಪ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಪ್ರತಿ ಸಲ ಅವಳು ಬಾಯಿ ತೆರೆದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಕೊನೇ ಪಟ್ಟಿಗೆ ಬರುವಾಗ ಹತ್ತೂವರೆ ಆಗಿತ್ತು. ಎಲ್ಲ ಸರಿ ಇದ್ದವು. ನಮ್ಮ ಚರ್ಚ್‌ನಲ್ಲಿ ಅಷ್ಟೊತ್ತಿಗೆ ಆರಾಧನೆ ಮುಗಿದಿತ್ತು. ಅವರ ಮನೆಯವರು ಮುದ್ದೆ, ಬಸ್ಸಾರು ಬಡಿಸಿದರು. ಅಲ್ಲೇ ಜಗುಲಿ ಮೇಲೆ ಕೂತು, ತಲೆ ಬಗ್ಗಿಸಿ ಪ್ರಾರ್ಥನೆ ಮಾಡಿ, ಊಟ ಮಾಡಿದೆ.