ಬಫರ್‌ನಲ್ಲಿ ಗೆದ್ದ ಸೆನ್ಸರ್, ಮೂತ್ರದಲ್ಲಿ ಸೋತಿತು

ಮೂತ್ರದ ಸೋಂಕು ಪತ್ತೆಗೆ ಮಾಡುವ ಕಲ್ಚರ್ ಅಂದರೆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿಕ್ಕೇ ಒಂದು ರಾತ್ರಿ, ಯಾವ ಆ್ಯಂಟಿಬಯೋಟಿಕ್ ನಾಟುತ್ತದೆಂದು ತಿಳಿಯಲು ಇನ್ನೊಂದು ದಿನ. ಈ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲೈ ಬ್ಯಾಕ್ಟೀರಿಯಾವನ್ನು ಅರ್ಧ ಗಂಟೆಯಲ್ಲಿ ಹಿಡಿಯುವ ಎಲೆಕ್ಟ್ರೋಡ್ ಮಾಡುತ್ತೇನೆಂದು ಪಿಎಚ್‌ಡಿಗೆ ಸೇರಿದೆ.

ಮೊದಲ ಕೆಲಸ ಚಿನ್ನದ ನ್ಯಾನೋಕಣ. ಕುದಿಯುವ, ಚಿನ್ನ ಕರಗಿರುವ ಕ್ಲೋರೋಆರಿಕ್ ಆಮ್ಲದ ತಿಳಿಹಳದಿ ನೀರಿಗೆ ಸಿಟ್ರೇಟ್ ಸುರಿದರೆ ಹಳದಿ ಮಾಯವಾಗುತ್ತದೆ, ಆಮೇಲೆ ಮಸಿನೀಲಿ, ಕೊನೆಗೆ ಪುನರ್ಪುಳಿ ಶರಬತ್ತಿನ ಕೆಂಪು. ನನ್ನ ಮೊದಲ ಮೂರು ಬ್ಯಾಚ್ ನೇರಳೆಗೆ ನಿಂತವು, ಅಂದರೆ ಕಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಫ್ಲಾಸ್ಕನ್ನು ಚಿನ್ನವನ್ನೂ ಕರಗಿಸುವ ಆಮ್ಲಮಿಶ್ರಣ ಅಕ್ವಾ ರೀಜಿಯಾದಲ್ಲಿ ತೊಳೆದ ಮೇಲೆ ಸರಿಹೋಯಿತು.

ಕಾರ್ಬನ್ ಎಲೆಕ್ಟ್ರೋಡಿನ ಮೇಲೆ ಈ ಚಿನ್ನ, ಅದರ ಮೇಲೆ ಇ. ಕೋಲೈಯನ್ನು ಗುರುತಿಸುವ ಆ್ಯಂಟಿಬಾಡಿ, ಉಳಿದ ಜಾಗ ಮುಚ್ಚಲು ಬಿಎಸ್‌ಎ ಎಂಬ ಪ್ರೋಟೀನು. ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಫೆರಿ-ಫೆರೋಸಯನೈಡ್ ದ್ರಾವಣದಲ್ಲಿ ಇಂಪೀಡೆನ್ಸ್, ಅಂದರೆ ಎಸಿ ಕರೆಂಟಿಗೆ ಎದುರಾಗುವ ತಡೆ, ಅಳೆಯುವುದು. ಬ್ಯಾಕ್ಟೀರಿಯಾ ಬಂದು ಕೂತರೆ ಎಲೆಕ್ಟ್ರಾನ್ ದಾಟಲು ಅಡ್ಡಿ, ಆ ತಡೆಯನ್ನು ತೋರಿಸುವ ನೈಕ್ವಿಸ್ಟ್ ಗ್ರಾಫಿನ ಅರ್ಧವೃತ್ತ ಉಬ್ಬುತ್ತದೆ. ಕರೆಂಟಿನ 50 ಹರ್ಟ್ಜ್ ಗದ್ದಲ ತಡೆಯಲು ಇಡೀ ಸೆಲ್ಲನ್ನು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗಿಟ್ಟು, ಡಬ್ಬಿಗೆ ಅರ್ಥಿಂಗ್ ಕೊಟ್ಟೆ. ಇಂದಿಗೂ ಅದೇ ಡಬ್ಬಿ.

ಬಫರ್‌ನಲ್ಲಿ, ಅಂದರೆ ಆಮ್ಲೀಯತೆ ಸ್ಥಿರವಾಗಿರುವ ಶುದ್ಧ ಲವಣದ ನೀರಿನಲ್ಲಿ, ಬ್ಯಾಕ್ಟೀರಿಯಾ ಹೆಚ್ಚಿಸಿದಷ್ಟೂ ಅರ್ಧವೃತ್ತ ಮೆಟ್ಟಿಲು ಹತ್ತಿದ ಹಾಗೆ ದೊಡ್ಡದಾಯಿತು. ಲ್ಯಾಬಿಗೆಲ್ಲ ಮೈಸೂರ್ ಪಾಕ್ ಹಂಚಿದೆ. ಮರುವಾರ ನನ್ನದೇ ಮೂತ್ರ, ಸೋಂಕಿಲ್ಲದ್ದು, ಇಟ್ಟು ನೋಡಿದರೆ ಅಷ್ಟೇ ದೊಡ್ಡ ಅರ್ಧವೃತ್ತ!

"ಆ್ಯಂಟಿಬಾಡಿ ಇಲ್ಲದ ಎಲೆಕ್ಟ್ರೋಡ್ ಓಡಿಸಿದ್ದೀಯೇನಮ್ಮ?" ಗೈಡ್ ಮೇಡಂ ಕೇಳಿದರು.

ಓಡಿಸಿರಲಿಲ್ಲ. ಓಡಿಸಿದಾಗ ಅದೂ ಉಬ್ಬಿತು. ಮೂತ್ರದಲ್ಲಿನ ಪ್ರೋಟೀನು, ಅದೂ ಇದೂ ಎಲ್ಲ ಬಂದು ಅಂಟಿಕೊಳ್ಳುತ್ತಿತ್ತು. ತಿಂದ ಮೈಸೂರ್ ಪಾಕನ್ನು ವಾಪಸ್ ಕೇಳುವಂತಿಲ್ಲವಲ್ಲ.

ಅಲ್ಲಿಂದ ಆರು ತಿಂಗಳು ಬರೀ ಖಾಲಿ ಎಲೆಕ್ಟ್ರೋಡುಗಳದ್ದೇ ಕೆಲಸ. ಮೂತ್ರವನ್ನು ಬಫರ್ ಸೇರಿಸಿ ಹತ್ತು ಪಟ್ಟು ತೆಳು ಮಾಡಿದೆ, ಟ್ವೀನ್ ಎಂಬ ಸೋಪಿನಂಥ ದ್ರವ ಹಾಕಿ ತೊಳೆದೆ, ಪ್ರತಿ ಅಳತೆಗೂ ಆ್ಯಂಟಿಬಾಡಿ ಇಲ್ಲದ ಜೋಡಿಯೊಂದನ್ನು ಇಟ್ಟು ವ್ಯತ್ಯಾಸ ಮಾತ್ರ ಲೆಕ್ಕ ಹಿಡಿದೆ. ಒಂದೆರಡು ಬ್ಯಾಕ್ಟೀರಿಯಾ ಇದ್ದರೂ ಹಿಡಿಯುತ್ತೇವೆಂಬ ಪೇಪರುಗಳ ಜಂಬ ನನಗೆ ಬೇಕಿರಲಿಲ್ಲ. ಸೋಂಕೆಂದು ಸಾಮಾನ್ಯವಾಗಿ ಹೇಳುವುದು ಮಿಲಿಲೀಟರಿಗೆ 1,00,000 ಇದ್ದಾಗ; ತೆಳು ಮಾಡಿದ ಮೇಲೆ 10,000 ಕಂಡರೆ ಸಾಕು.

ಆಸ್ಪತ್ರೆಯೊಂದರಿಂದ ಬಂದ ಉಳಿಕೆ ಸ್ಯಾಂಪಲ್ಲುಗಳಲ್ಲಿ ಒಂದಕ್ಕೆ ಸೆನ್ಸರ್ 'ಇದೆ' ಅಂದಿತು. ಇ. ಕೋಲೈ ಗುಲಾಬಿಯಾಗಿ ಬೆಳೆಯುವ ಮ್ಯಾಕ್‌ಕಾಂಕಿ ಕಲ್ಚರ್ ತಟ್ಟೆಯಲ್ಲಿ ಮಾತ್ರ ಒಂದೂ ಗುಲಾಬಿ ಚುಕ್ಕೆ ಇಲ್ಲ. ಕೈತಪ್ಪಿರಬೇಕೆಂದು ಮತ್ತೆ ಮಾಡಿದೆ, ಮತ್ತೆ ಅದೇ. ಚೀಟಿ ತಿರುಗಿಸಿ ನೋಡಿದರೆ ರೋಗಿ ಮೂರು ದಿನದಿಂದ ಆ್ಯಂಟಿಬಯೋಟಿಕ್ ತಗೊಳ್ಳುತ್ತಿದ್ದರು. ಸತ್ತ ಬ್ಯಾಕ್ಟೀರಿಯಾದ ಹೊರಮೈಯನ್ನೂ ಆ್ಯಂಟಿಬಾಡಿ ಹಿಡಿಯುತ್ತದೆ, ಜೀವ ಇದೆಯೋ ಇಲ್ಲವೋ ಅದಕ್ಕೇನು ಗೊತ್ತು?

ಈಗ ಸ್ಯಾಂಪಲ್ಲಿನ ಅರ್ಧವನ್ನು ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ ಬ್ರಾತ್‌ಗೆ ಹಾಕಿ 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಮತ್ತೊಮ್ಮೆ ಅಳೆಯುತ್ತೇನೆ. ಬದುಕಿದ್ದರೆ ಸಂಖ್ಯೆ ಏರಲೇಬೇಕು. ಅರ್ಧ ಗಂಟೆಯ ಸೆನ್ಸರ್ ಎರಡೂವರೆ ಗಂಟೆಯದಾಗಿದೆ. ಥೀಸಿಸ್‌ನ ಶೀರ್ಷಿಕೆಯಿಂದ 'ಕ್ಷಿಪ್ರ' ತೆಗೆಯಬೇಕೇ ಬೇಡವೇ ಅಂತ ಮೇಡಂ ಜೊತೆ ಚರ್ಚೆ ನಡೆದಿದೆ.